ಹಾಲು ಕಾಯಬಹುದು, ಹೃದಯ ಕಾಯದು: ಹೃದಯಾಘಾತದ ಮುನ್ಸೂಚನೆಗಳನ್ನು ಅರಿಯಿರಿ



ಕೊಟ್ಟಿಗೆಯಲ್ಲಿ ಹಸು ಒಂದು ಹೊತ್ತು ಮೆಲುಕು ಹಾಕದಿದ್ದರೆ ನಿಮಗೆ ಕೂಡಲೇ ಗೊತ್ತಾಗುತ್ತದೆ. ಮೂತಿಯ ಮೇಲಿನ ತೇವ ಒಣಗಿದರೂ ಗೊತ್ತಾಗುತ್ತದೆ. ಹಾಲು ಕರೆಯಲು ಕುಳಿತಾಗ ಮೊದಲ ಧಾರೆಯಲ್ಲಿ ಒಡಕು ಕಂಡರೆ ಕೆಚ್ಚಲು ಬಾವು ಎಂದು ಸಂಶಯಪಟ್ಟು ಅಂದೇ ಪಶುವೈದ್ಯರಿಗೆ ಹೇಳಿಕಳುಹಿಸುತ್ತೀರಿ. ಕರು ಹಾಕಿದ ಹಸು ಏಳಲಾಗದೆ ಕುತ್ತಿಗೆ ತಿರುಗಿಸಿ ಮಲಗಿಬಿಟ್ಟರೆ ಅದು ಹಾಲು ಜ್ವರ, ತಡಮಾಡಿದರೆ ಹಸು ಕೈತಪ್ಪಿ ಹೋಗುತ್ತದೆ ಎಂಬುದು ಮನೆಯ ಮಕ್ಕಳಿಗೂ ತಿಳಿದಿದೆ. ಆಗ ಹೊತ್ತು ಗೊತ್ತು ನೋಡದೆ ಡಾಕ್ಟರನ್ನು ಕರೆತರುತ್ತೀರಿ.

ಆದರೆ ಅದೇ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವವರ ಎದೆ ಹಿಂಡಿದಂತಾದರೆ ಏನು ಮಾಡುತ್ತೇವೆ? ಒಂದು ಲೋಟ ಸೋಡಾ ಕುಡಿಯುತ್ತೇವೆ. ಜೀರಿಗೆ ಕಷಾಯ ಕುಡಿಯುತ್ತೇವೆ. ಎದೆಗೆ ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತೇವೆ. ಹಸುವಿಗೆ ಕೊಡುವ ಗಮನವನ್ನು ನಮಗೆ ನಾವು ಕೊಟ್ಟುಕೊಳ್ಳುವುದಿಲ್ಲ. ಈ ಲೇಖನದ ಉದ್ದೇಶ ಒಂದೇ: ಹೃದಯಾಘಾತದ ಗುರುತುಗಳನ್ನು ನೀವು ಹಾಲು ಜ್ವರದ ಗುರುತುಗಳಷ್ಟೇ ಚೆನ್ನಾಗಿ ತಿಳಿದಿರಬೇಕು, ಅಷ್ಟೇ ಬೇಗ ಎದ್ದು ಹೊರಡಬೇಕು.

ಬೆಳಗಿನ ಒಂದು ಪ್ರಸಂಗ

ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಯಾವುದೇ ಊರಿನಲ್ಲಿ ನಡೆಯಬಹುದಾದ ಪ್ರಸಂಗ ಇದು. ಬೆಳಗ್ಗೆ ಐದೂವರೆ. ಐವತ್ತರ ಆಸುಪಾಸಿನ ಯಜಮಾನರು ಎರಡು ಹಸು ಕರೆದು ಮುಗಿಸುವಷ್ಟರಲ್ಲಿ ಎದೆಯ ನಡುವೆ ಭಾರ ಇಟ್ಟಂತಾಗುತ್ತದೆ. ಮೈ ಬೆವರುತ್ತದೆ. ಎಡಗೈ ಜೋಮು ಹಿಡಿದಂತಿದೆ. ಮನೆಯಾಕೆ ಗಾಬರಿಯಾಗಿ ಕೇಳಿದರೆ, “ಏನೂ ಇಲ್ಲ ಕಣಮ್ಮಿ, ಗ್ಯಾಸು. ರಾತ್ರಿ ಉಂಡದ್ದು ಅರಗಿಲ್ಲ. ಡೈರಿಗೆ ಹಾಲು ಹಾಕ್ಬುಟ್ಟು ಬತ್ತೀನಿ” ಎನ್ನುತ್ತಾರೆ. ಕ್ಯಾನು ಹಿಡಿದು ಡೈರಿಯವರೆಗೆ ನಡೆಯುತ್ತಾರೆ. ಸಾಲಿನಲ್ಲಿ ನಿಲ್ಲುತ್ತಾರೆ. ಹಾಲು ಅಳೆಸಿ, ಫ್ಯಾಟು ನೋಡಿಸಿ, ಮನೆಗೆ ಬಂದು ಮಲಗುತ್ತಾರೆ. ಒಂಬತ್ತು ಗಂಟೆಗೆ ನೋವು ತಾಳಲಾರದೆ ಆಟೊ ಹುಡುಕುತ್ತಾರೆ. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹತ್ತೂವರೆ.

ಐದೂವರೆಯಿಂದ ಹತ್ತೂವರೆಯವರೆಗೆ ಐದು ಗಂಟೆ. ಹೃದಯದ ಲೆಕ್ಕದಲ್ಲಿ ಈ ಐದು ಗಂಟೆ ಎಂದರೆ ಅರ್ಧ ಬೆಳೆ ಒಣಗಿಹೋದಂತೆ.

ಹೃದಯಾಘಾತ ದಿನದ ಯಾವ ಹೊತ್ತಿನಲ್ಲಾದರೂ ಬರಬಹುದು. ಆದರೂ ಬೆಳಗಿನ ಜಾವದಿಂದ ಮಧ್ಯಾಹ್ನದೊಳಗೆ ಅದು ಹೆಚ್ಚು ಎಂದು ವೈದ್ಯರು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ನಿದ್ದೆಯಿಂದ ಏಳುವಾಗ ರಕ್ತದ ಒತ್ತಡ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಗುಣವೂ ಹೆಚ್ಚುತ್ತದೆ. ನಮ್ಮ ಸದಸ್ಯರಿಗೆ ಅದು ಸರಿಯಾಗಿ ಹಾಲು ಕರೆಯುವ, ಡೈರಿಗೆ ಓಡುವ ಹೊತ್ತು. ಆದುದರಿಂದಲೇ ಈ ಮಾತು ನಮಗೆ ಇನ್ನೂ ಮುಖ್ಯ.

ನಾವು ಬಲ್ಲವರೇ ಹೋದರು

ಸಹಕಾರ ಸಚಿವರಾಗಿದ್ದ, ಗುಂಡ್ಲುಪೇಟೆಯ ಶ್ರೀ ಎಚ್.ಎಸ್. ಮಹದೇವಪ್ರಸಾದ್ ಅವರು 2017ರ ಜನವರಿ 3ರಂದು ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ತಂಗಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಆಗ ಅವರಿಗೆ 58 ವರ್ಷ. ನಮ್ಮ ನಂದಿನಿ ಹಾಲಿನ ಪ್ರಚಾರಕ್ಕೆ ಮುಖವಾಗಿದ್ದ ನಟ ಶ್ರೀ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ಬೆಂಗಳೂರಿನಲ್ಲಿ ಹೃದಯಾಘಾತಕ್ಕೆ ತುತ್ತಾದರು. ವಯಸ್ಸು ಕೇವಲ 46. ನಂಜನಗೂಡು, ತಿ. ನರಸೀಪುರಗಳನ್ನು ಒಳಗೊಂಡ ಚಾಮರಾಜನಗರ ಲೋಕಸಭಾ ಕ್ಷೇತ್ರವನ್ನು 2009ರಿಂದ 2019ರವರೆಗೆ ಪ್ರತಿನಿಧಿಸಿದ್ದ ಶ್ರೀ ಆರ್. ಧ್ರುವನಾರಾಯಣ್ ಅವರು 2023ರ ಮಾರ್ಚ್ 11ರ ಬೆಳಗ್ಗೆ ಮೈಸೂರಿನಲ್ಲಿ ಹೃದಯಾಘಾತದಿಂದ ನಿಧನರಾದರು. ವಯಸ್ಸು 61.

ಈ ಮೂವರ ಹೆಸರನ್ನು ಹೇಳಿದ್ದು ಹೆದರಿಸಲಿಕ್ಕಲ್ಲ. ಹೃದಯಾಘಾತ ಎಪ್ಪತ್ತು ದಾಟಿದ ಮುದುಕರ ಕಾಯಿಲೆ, ಕುಳಿತು ಉಣ್ಣುವವರ ಕಾಯಿಲೆ, ಪೇಟೆಯವರ ಕಾಯಿಲೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಅದು ತಪ್ಪು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನದಲ್ಲಿ, ಭಾರತವೂ ಸೇರಿದ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬೇರೆ ದೇಶಗಳವರಿಗಿಂತ ಐದಾರು ವರ್ಷ ಮುಂಚೆಯೇ, ಸುಮಾರು 53ನೇ ವಯಸ್ಸಿಗೆ, ಬರುವುದು ಕಂಡುಬಂತು. ಸಂಸಾರದ ಭಾರ ಹೊತ್ತು ದುಡಿಯುವ ವಯಸ್ಸು ಅದು.

2025ರ ಮೇ, ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿಗಳು ಮೇಲಿಂದ ಮೇಲೆ ಬಂದವು. ಜುಲೈನಲ್ಲಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಬೆಳಗಿನಿಂದಲೇ ಜನ ಸಾಲುಗಟ್ಟಿ ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿದಾಗ ಸಾವುಗಳು ಹಠಾತ್ತಾಗಿ ಹೆಚ್ಚಿದ್ದಕ್ಕೆ ಆಧಾರ ಸಿಗಲಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು ಮೊದಲಾದ ಹಳೆಯ ಕಾರಣಗಳೇ ಮತ್ತೆ ಕಂಡವು. ಸುದ್ದಿ ಕೇಳಿ ಆರೋಗ್ಯವಂತರು ಸಾಲುಗಟ್ಟಿ ನಿಲ್ಲುವುದು, ನಿಜವಾಗಿ ಎದೆ ನೋಯುವವರು ಮನೆಯಲ್ಲಿ ಸೋಡಾ ಕುಡಿಯುತ್ತಾ ಕೂರುವುದು, ಎರಡೂ ಬೇಡ. ಗುರುತು ತಿಳಿದಿದ್ದರೆ ಎರಡೂ ತಪ್ಪುತ್ತವೆ.

ಹೃದಯಾಘಾತ ಎಂದರೇನು?

ಹೃದಯ ನಮ್ಮ ಮುಷ್ಟಿಯಷ್ಟು ಗಾತ್ರದ ಒಂದು ಪಂಪು. ಮಿನಿಟಿಗೆ ಸುಮಾರು 70 ಬಾರಿ, ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಬಡಿದು ಮೈಗೆಲ್ಲ ರಕ್ತ ಹರಿಸುತ್ತದೆ. ಈ ಪಂಪು ಕೂಡ ಮಾಂಸಖಂಡವೇ. ಅದಕ್ಕೂ ರಕ್ತ ಬೇಕು. ಅದನ್ನು ಪೂರೈಸಲು ಹೃದಯದ ಮೇಲ್ಮೈಯಲ್ಲಿ ಮೂರು ಮುಖ್ಯ ರಕ್ತನಾಳಗಳಿವೆ.

ನಮ್ಮ ಕಬಿನಿ ನಾಲೆಯನ್ನು ನೆನೆದುಕೊಳ್ಳಿ. ದೊಡ್ಡ ನಾಲೆಯಿಂದ ಉಪನಾಲೆ, ಅಲ್ಲಿಂದ ತೂಬು, ತೂಬಿನಿಂದ ಗದ್ದೆ. ವರ್ಷಗಟ್ಟಲೆ ಹೂಳು ತುಂಬಿದರೆ ನೀರು ಕಡಿಮೆಯಾಗುತ್ತದೆ, ಆದರೂ ಗದ್ದೆ ಹೇಗೋ ನಡೆಯುತ್ತದೆ. ಒಂದು ದಿನ ಮರದ ಬೊಡ್ಡೆಯೊಂದು ಬಂದು ತೂಬಿಗೆ ಸಿಕ್ಕಿಕೊಂಡರೆ ಕೆಳಗಿನ ಗದ್ದೆಗಳಿಗೆ ಹನಿ ನೀರೂ ಇಲ್ಲ. ಹೃದಯದಲ್ಲಿ ನಡೆಯುವುದೂ ಇದೇ. ಹರೆಯದಿಂದಲೇ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ. ಒಂದು ದಿನ ಆ ಕೊಬ್ಬಿನ ಗಂಟಿನ ಮೇಲಿನ ಪೊರೆ ಹರಿಯುತ್ತದೆ. ಒಳಗೆ ಗಾಯವಾಗಿದೆ ಎಂದು ತಿಳಿದು ದೇಹ ಅಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗಲು ರಾತ್ರಿಯೆಲ್ಲ ಬೇಕು. ರಕ್ತ ಹೆಪ್ಪುಗಟ್ಟಲು ಕೆಲವೇ ನಿಮಿಷ ಸಾಕು. ಆ ಹೆಪ್ಪು ನಾಳವನ್ನು ಮುಚ್ಚಿದಾಗ ಅದರ ಮುಂದಿನ ಮಾಂಸಖಂಡಕ್ಕೆ ರಕ್ತ ನಿಲ್ಲುತ್ತದೆ. ಇದೇ ಹೃದಯಾಘಾತ.

ಪೊರೆ ಹರಿಯುವ ಗಂಟು ದೊಡ್ಡದೇ ಆಗಿರಬೇಕೆಂದಿಲ್ಲ. ನಾಳ ಅರ್ಧದಷ್ಟೂ ಕಟ್ಟಿರದ ಕಡೆಯೂ ಹೀಗಾಗಬಹುದು. “ನಿನ್ನೆ ತಾನೇ ಗದ್ದೆ ಉತ್ತು ಬಂದಿದ್ದರು, ಗಟ್ಟಿಯಾಗಿದ್ದರು” ಎಂದು ಜನ ಆಶ್ಚರ್ಯಪಡುವುದು ಇದಕ್ಕೇ. ನಿನ್ನೆ ಗಟ್ಟಿಯಾಗಿದ್ದರು ಎಂಬುದು ಇಂದಿನ ಎದೆನೋವನ್ನು ತಳ್ಳಿಹಾಕಲು ಕಾರಣವಾಗಬಾರದು.

ನಾಳ ಪೂರ್ತಿ ಮುಚ್ಚಿದ ಇಪ್ಪತ್ತು ಮೂವತ್ತು ನಿಮಿಷಗಳಲ್ಲೇ ಹೃದಯದ ಮಾಂಸಖಂಡ ಸಾಯಲಾರಂಭಿಸುತ್ತದೆ. ಮುಂದಿನ ಕೆಲವು ಗಂಟೆಗಳಲ್ಲಿ ಹಾನಿ ಹರಡುತ್ತಾ ಹೋಗುತ್ತದೆ. ಒಣಗಿ ಕರಕಲಾದ ಪೈರಿಗೆ ಆಮೇಲೆ ಎಷ್ಟು ನೀರು ಬಿಟ್ಟರೂ ಚಿಗುರದು. ಸತ್ತ ಹೃದಯದ ಮಾಂಸವೂ ಹಾಗೆಯೇ, ಮತ್ತೆ ಬೆಳೆಯುವುದಿಲ್ಲ. ಮೊದಲ ಒಂದು ಗಂಟೆಯನ್ನು ವೈದ್ಯರು ‘ಚಿನ್ನದ ಗಂಟೆ’ ಎಂದು ಕರೆಯುವುದು ಈ ಕಾರಣಕ್ಕೆ.

ಮುನ್ಸೂಚನೆಗಳು

ಹೃದಯ ಬಹುಮಟ್ಟಿಗೆ ಹೇಳಿಯೇ ಬರುತ್ತದೆ. ನಾವು ಕೇಳಿಸಿಕೊಳ್ಳಬೇಕು, ಅಷ್ಟೆ. ಕೆಳಗಿನ ಗುರುತುಗಳನ್ನು ಮನೆಯವರೆಲ್ಲರೂ ತಿಳಿದಿರಲಿ.

1. ಎದೆಯ ನಡುಭಾಗದಲ್ಲಿ ಹಿಂಡಿದಂತೆ, ಒತ್ತಿದಂತೆ, ಕಲ್ಲು ಹೇರಿದಂತೆ, ಉರಿದಂತೆ ಆಗುವುದು. ಕೆಲವು ನಿಮಿಷ ಕಳೆದರೂ ಹೋಗದಿರುವುದು, ಅಥವಾ ಹೋಗಿ ಮತ್ತೆ ಬರುವುದು.

2. ನೋವು ಎಡಗೈಗೆ, ಎರಡೂ ಕೈಗಳಿಗೆ, ಭುಜಕ್ಕೆ, ಕುತ್ತಿಗೆಗೆ, ದವಡೆಗೆ, ಬೆನ್ನಿಗೆ ಅಥವಾ ಹೊಟ್ಟೆಯ ಮೇಲ್ಭಾಗಕ್ಕೆ ಹರಡುವುದು.

3. ಕೆಲಸ ಮಾಡದೆಯೂ ತಣ್ಣನೆಯ ಬೆವರು ಕಿತ್ತುಕೊಂಡು ಬರುವುದು.

4. ಉಸಿರು ಕಟ್ಟುವುದು, ಎರಡು ಮಾತಾಡಲೂ ಆಯಾಸವಾಗುವುದು.

5. ವಾಕರಿಕೆ, ವಾಂತಿ, ತಲೆ ಸುತ್ತು, ಕಣ್ಣು ಕತ್ತಲೆ.

6. ಹಿಂದೆಂದೂ ಇಲ್ಲದ ಸುಸ್ತು, ಏನೋ ಕೆಟ್ಟದ್ದಾಗುತ್ತಿದೆ ಎಂಬ ಅಂಜಿಕೆ.

ಈ ಎಲ್ಲವೂ ಒಟ್ಟಿಗೆ ಬರಬೇಕೆಂದಿಲ್ಲ. ಒಂದೆರಡು ಇದ್ದರೂ ಸಾಕು. ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಕುಸಿದು ಬೀಳಬೇಕು ಎಂದೇನೂ ಇಲ್ಲ. ಎಷ್ಟೋ ಜನ ನಡೆದುಕೊಂಡೇ ಆಸ್ಪತ್ರೆಗೆ ಬರುತ್ತಾರೆ.

ಇನ್ನೊಂದು ಎಚ್ಚರಿಕೆ ವಾರಗಳು, ತಿಂಗಳುಗಳ ಮುಂಚೆಯೇ ಸಿಗುತ್ತದೆ. ಮೇವಿನ ಹೊರೆ ಹೊತ್ತು ಬರುವಾಗ, ದಿಣ್ಣೆ ಹತ್ತುವಾಗ, ಊಟವಾದೊಡನೆ ಬಿರಬಿರನೆ ನಡೆಯುವಾಗ ಎದೆ ಬಿಗಿಯುತ್ತದೆ. ಎರಡು ನಿಮಿಷ ನಿಂತರೆ ಹೋಗುತ್ತದೆ. ಹೋಯಿತಲ್ಲ ಎಂದು ಮರೆಯುತ್ತೇವೆ. ಇದು ತೂಬಿನಲ್ಲಿ ಹೂಳು ತುಂಬಿದ ಲಕ್ಷಣ. ಈ ಹಂತದಲ್ಲೇ ವೈದ್ಯರನ್ನು ಕಂಡರೆ ಮುಂದಿನ ಆಘಾತವನ್ನು ತಪ್ಪಿಸಲು ಅವಕಾಶವಿದೆ. ಕಡಿಮೆ ಕೆಲಸಕ್ಕೇ ಬಿಗಿತ ಬರತೊಡಗಿದರೆ, ಸುಮ್ಮನೆ ಕುಳಿತಾಗಲೂ ಬಂದರೆ, ಆ ದಿನವೇ ಆಸ್ಪತ್ರೆಗೆ ಹೋಗಬೇಕು.

ಗ್ಯಾಸೋ, ಹೃದಯವೋ?

“ಗ್ಯಾಸ್ಟ್ರಿಕ್ ಇರಬೇಕು” ಎಂಬ ಮಾತು ನಮ್ಮ ಕಡೆ ಬಹಳ ಜೀವ ತೆಗೆದಿದೆ. ಹೃದಯದ ಕೆಳಭಾಗಕ್ಕೆ ಆಘಾತವಾದಾಗ ಹೊಟ್ಟೆಯ ಮೇಲ್ಭಾಗದಲ್ಲೇ ನೋವು, ವಾಂತಿ, ತೇಗು ಬರುವುದುಂಟು. ತೇಗು ಬಂದು ಹಗುರಾಯಿತು ಎಂಬುದರಿಂದ ಅದು ಗ್ಯಾಸೇ ಎಂದು ತೀರ್ಮಾನವಾಗುವುದಿಲ್ಲ. ಮುಟ್ಟಿ ಒತ್ತಿದ ಕಡೆ ಮಾತ್ರ ಸೂಜಿ ಚುಚ್ಚಿದಂತೆ ಕ್ಷಣಕಾಲ ನೋಯುವುದು ಸಾಮಾನ್ಯವಾಗಿ ಹೃದಯದ ನೋವಲ್ಲ, ನಿಜ. ಆದರೆ ಬೆವರು, ಉಸಿರುಕಟ್ಟು, ಕೈಗೆ ಹರಡುವ ನೋವು ಇವುಗಳಲ್ಲಿ ಯಾವುದಾದರೂ ಜೊತೆಗಿದ್ದರೆ ಮನೆಯಲ್ಲಿ ಚರ್ಚೆ ಬೇಡ.

ಹಾಲು ನೋಡಿ ಫ್ಯಾಟು ಇಷ್ಟೇ ಇದೆ ಎಂದು ಕಣ್ಣಂದಾಜಿನಲ್ಲಿ ಹೇಳಿದರೆ ನೀವು ಒಪ್ಪುತ್ತೀರಾ? ಪರೀಕ್ಷೆ ಮಾಡಿಸಿ ಎನ್ನುತ್ತೀರಿ. ಎದೆನೋವೂ ಹಾಗೆಯೇ. ಗ್ಯಾಸೋ ಹೃದಯವೋ ಎಂದು ಹೇಳಬೇಕಾದ್ದು ಇ.ಸಿ.ಜಿ. ಪರೀಕ್ಷೆ. ಐದು ಹತ್ತು ನಿಮಿಷದ ಕೆಲಸ, ನೋವಿಲ್ಲ. ಮೊದಲ ಇ.ಸಿ.ಜಿ. ಸರಿಯಾಗಿಯೇ ಕಂಡು, ಆಮೇಲೆ ಬದಲಾವಣೆ ಕಾಣಿಸಿಕೊಳ್ಳುವುದೂ ಇದೆ. ಆದ್ದರಿಂದ ವೈದ್ಯರು ಸ್ವಲ್ಪ ಹೊತ್ತು ಉಳಿಸಿಕೊಂಡು ಮತ್ತೆ ಇ.ಸಿ.ಜಿ., ‘ಟ್ರೋಪೋನಿನ್’ ಎಂಬ ರಕ್ತಪರೀಕ್ಷೆ ಮಾಡುತ್ತೇವೆ ಎಂದರೆ “ಹಸು ಕರೆಯೋ ಹೊತ್ತಾಯ್ತು” ಎಂದು ಎದ್ದು ಬರಬೇಡಿ. ಕೊನೆಗೆ ಗ್ಯಾಸೇ ಎಂದು ಗೊತ್ತಾದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ನಿಶ್ಚಿಂತೆಯಿಂದ ಮನೆಗೆ ಬನ್ನಿ.

ಹೆಣ್ಣುಮಕ್ಕಳು, ಸಕ್ಕರೆ ಕಾಯಿಲೆಯವರು ಇನ್ನಷ್ಟು ಎಚ್ಚರ

ಮೇವು, ಸಗಣಿ, ನೀರು, ಹಾಲು ಎಲ್ಲವೂ ಬಹುಪಾಲು ಮನೆಗಳಲ್ಲಿ ಹೆಂಗಸರ ಕೈಯಲ್ಲೇ ನಡೆಯುತ್ತದೆ. ಅವರಿಗೂ ಹೃದಯಾಘಾತವಾಗುತ್ತದೆ, ಮುಟ್ಟು ನಿಂತ ಮೇಲೆ ಅಪಾಯ ಹೆಚ್ಚುತ್ತದೆ. ಎದೆನೋವೇ ಮುಖ್ಯ ಗುರುತಾದರೂ ಹೆಂಗಸರಲ್ಲಿ ಅದು ಮಂದವಾಗಿದ್ದು ಸುಸ್ತು, ಉಸಿರುಕಟ್ಟು, ಬೆನ್ನು ಅಥವಾ ದವಡೆಯ ನೋವು, ವಾಕರಿಕೆಗಳೇ ಎದ್ದು ಕಾಣಬಹುದು. “ಕೆಲಸ ಜಾಸ್ತಿಯಾಯ್ತು, ಅದಕ್ಕೆ ಸುಸ್ತು” ಎಂದು ಮನೆಯವರೂ ಸುಮ್ಮನಾಗುತ್ತಾರೆ, ಅವರೂ ಸುಮ್ಮನಾಗುತ್ತಾರೆ. ನಂಜು ನುಂಗಿ ಗಂಟಲಲ್ಲಿ ಹಿಡಿದಿಟ್ಟುಕೊಳ್ಳುವುದು ನಂಜುಂಡೇಶ್ವರನಿಗೆ ಮಾತ್ರ ಸಾಧ್ಯ. ಮನೆಯ ತಾಯಂದಿರು ನೋವು ನುಂಗಿಕೊಂಡು ಕೂರಬಾರದು, ಮನೆಯವರು ಕೂರಿಸಲೂಬಾರದು.

ಸಕ್ಕರೆ ಕಾಯಿಲೆ ಬಹುಕಾಲ ಇದ್ದವರಲ್ಲಿ ನರಗಳು ಮೊಂಡಾಗಿ ನೋವೇ ತಿಳಿಯದಿರಬಹುದು. ಅಂಥವರಿಗೆ ಇದ್ದಕ್ಕಿದ್ದಂತೆ ಬೆವರು, ಉಸಿರುಕಟ್ಟು, ವಿಪರೀತ ನಿಶ್ಶಕ್ತಿ ಕಂಡರೆ ಅದನ್ನೇ ಎದೆನೋವೆಂದು ಎಣಿಸಿ ಹೊರಡಿ.

ಕೂಡಲೇ ಮಾಡಬೇಕಾದ್ದು

1. ಮಾಡುತ್ತಿರುವ ಕೆಲಸವನ್ನು ಅಲ್ಲೇ ಬಿಡಿ. ಹಸು ಅರ್ಧ ಕರೆದಿದ್ದರೂ ಸರಿ, ಬೇರೆಯವರು ನೋಡಿಕೊಳ್ಳಲಿ. ಕ್ಯಾನು ಎತ್ತಬೇಡಿ, ನಡೆಯಬೇಡಿ. ಗೋಡೆಗೆ ಒರಗಿ ಕುಳಿತುಕೊಳ್ಳಿ.

2. 108ಕ್ಕೆ ಫೋನ್ ಮಾಡಿ. 2008ರಿಂದ ನಮ್ಮ ರಾಜ್ಯದಲ್ಲಿರುವ ಈ ಆಂಬುಲೆನ್ಸಿಗೆ ಹಣ ಕೊಡಬೇಕಿಲ್ಲ. ಊರಿನ ಹೆಸರು, ದೇವಸ್ಥಾನ, ಶಾಲೆ, ಡೈರಿ ಹೀಗೆ ಗುರುತು ಹೇಳಿ, ಒಬ್ಬರು ರಸ್ತೆಗೆ ಬಂದು ನಿಲ್ಲಲಿ.

3. ಆಂಬುಲೆನ್ಸ್ ಬರುವುದು ತಡ ಎಂದು ತಿಳಿದರೆ ಊರಿನಲ್ಲಿ ಸಿಗುವ ಕಾರು, ಆಟೊ, ಹಾಲಿನ ವಾಹನ ಯಾವುದಾದರೂ ಆಗಲಿ. ರೋಗಿ ತಾನೇ ಬೈಕು ಓಡಿಸಿಕೊಂಡು ಹೋಗಬಾರದು. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಅಪಾಯ, ದಾರಿಯಲ್ಲಿ ಪ್ರಜ್ಞೆ ತಪ್ಪಬಹುದು.

4. ಆಸ್ಪಿರಿನ್ ಮಾತ್ರೆ ಹೆಪ್ಪು ಬೆಳೆಯುವುದನ್ನು ತಡೆಯುತ್ತದೆ. 300 ಅಥವಾ 325 ಮಿಲಿಗ್ರಾಂ ಮಾತ್ರೆ ಒಂದನ್ನು ಚೀಪಿ ನುಂಗದೆ ಅಗಿದು ನುಂಗಬೇಕು. ಆಸ್ಪಿರಿನ್ ಒಗ್ಗದವರು, ಹೊಟ್ಟೆಯ ಹುಣ್ಣಿನಿಂದ ರಕ್ತಸ್ರಾವ ಆದವರು, ಬಾಯಿ ಸೊಟ್ಟಗಾಗಿ ಕೈಕಾಲು ಬಿದ್ದಂಥ ಲಕ್ಷಣ ಇರುವವರು ತೆಗೆದುಕೊಳ್ಳಬಾರದು. ಫೋನಿನಲ್ಲಿ 108ರವರನ್ನೋ ವೈದ್ಯರನ್ನೋ ಕೇಳಿ ಕೊಡುವುದು ಒಳ್ಳೆಯದು. ಮಾತ್ರೆ ಹುಡುಕುತ್ತಾ ಹೊರಡುವುದನ್ನು ತಡಮಾಡಬೇಡಿ.

ಮಾಡಬಾರದ್ದು: ಸೋಡಾ, ಕಷಾಯ ಕುಡಿಸಿ ಕಾಯುವುದು, ಎದೆ ನೀವುವುದು, ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕುವುದು, ಪಕ್ಕದ ಮನೆಯವರ ನಾಲಿಗೆಯಡಿ ಇಡುವ ಮಾತ್ರೆಯನ್ನು ತಂದು ಕೊಡುವುದು. ಆ ಮಾತ್ರೆ ಕೆಲವರಲ್ಲಿ ರಕ್ತದೊತ್ತಡವನ್ನು ಪೂರ್ತಿ ಇಳಿಸಿಬಿಡುತ್ತದೆ. ಜೋರಾಗಿ ಕೆಮ್ಮಿದರೆ ಹೃದಯಾಘಾತ ನಿಲ್ಲುತ್ತದೆ ಎಂದು ಮೊಬೈಲಿನಲ್ಲಿ ಓಡಾಡುವ ಸಂದೇಶವನ್ನೂ ನಂಬಬೇಡಿ.

ಎಲ್ಲಿಗೆ ಹೋಗಬೇಕು?

“ದೊಡ್ಡ ಕಾಯಿಲೆ, ದೊಡ್ಡ ಆಸ್ಪತ್ರೆಗೇ ಹೋಗೋಣ” ಎಂದು ಹಲವರು ತಾಲ್ಲೂಕು ಆಸ್ಪತ್ರೆಯ ಮುಂದೆಯೇ ದಾಟಿ ಮೈಸೂರಿಗೆ ಓಡುತ್ತಾರೆ. ನಂಜನಗೂಡಿನಿಂದ ಮೈಸೂರು ಸುಮಾರು 25 ಕಿ.ಮೀ. ತಿ. ನರಸೀಪುರದಿಂದ 30 ಕಿ.ಮೀ.ಗೂ ಹೆಚ್ಚು. ತಲಕಾಡು, ಮೂಗೂರು ಕಡೆಯವರಿಗೆ ಇನ್ನೂ ದೂರ. ಮೈಸೂರಿನೊಳಗಿನ ವಾಹನ ದಟ್ಟಣೆ ಬೇರೆ. ಈ ದಾರಿಯಲ್ಲೇ ಚಿನ್ನದ ಗಂಟೆ ಕರಗುತ್ತದೆ.

ಮುಚ್ಚಿದ ನಾಳವನ್ನು ತೆರೆಯಲು ಎರಡು ದಾರಿಗಳಿವೆ. ಒಂದು, ಹೆಪ್ಪು ಕರಗಿಸುವ ಚುಚ್ಚುಮದ್ದು. ಇನ್ನೊಂದು, ಕೈ ಅಥವಾ ತೊಡೆಯ ರಕ್ತನಾಳದ ಮೂಲಕ ಸಣ್ಣ ನಳಿಕೆ ಕಳುಹಿಸಿ ಬಲೂನಿನಿಂದ ನಾಳ ಹಿಗ್ಗಿಸಿ ಸ್ಟೆಂಟ್ ಕೂರಿಸುವ ಆಂಜಿಯೋಪ್ಲಾಸ್ಟಿ. ಎರಡನೆಯದಕ್ಕೆ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆ ಬೇಕು. ಮೊದಲನೆಯದನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಕೊಡಬಹುದು. ಚುಚ್ಚುಮದ್ದು 12 ಗಂಟೆಯೊಳಗೆ ಕೊಟ್ಟರೆ ಉಪಯೋಗವಿದೆ, ಮೊದಲ ಎರಡು ಮೂರು ಗಂಟೆಯೊಳಗೆ ಕೊಟ್ಟರೆ ಬಹಳ ಹೆಚ್ಚು ಉಪಯೋಗ. ಅದು ಆದ ಮೇಲೆ ರೋಗಿಯನ್ನು ಮೈಸೂರಿಗೆ ಸಾಗಿಸಿ ಮುಂದಿನ ಚಿಕಿತ್ಸೆ ನೀಡುತ್ತಾರೆ.

ಪುನೀತ್ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 2024ರಲ್ಲಿ ಜಾರಿಗೆ ತಂದ ‘ಹೃದಯ ಜ್ಯೋತಿ’ ಯೋಜನೆ ನಿಂತಿರುವುದು ಈ ತಳಹದಿಯ ಮೇಲೆಯೇ. ತಾಲ್ಲೂಕು, ಜಿಲ್ಲಾ ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ಹೃದ್ರೋಗ ತಜ್ಞರು ಕೂಡಲೇ ನೋಡಿ ಹೇಳುತ್ತಾರೆ. ಹೃದಯಾಘಾತ ಖಚಿತವಾದರೆ ಹೊರಗೆ ಸಾವಿರಾರು ರೂಪಾಯಿ ಬೆಲೆಯ ‘ಟೆನೆಕ್ಟೆಪ್ಲೇಸ್’ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿ ಹಗಲು ಇ.ಸಿ.ಜಿ. ಮತ್ತು ಈ ಚುಚ್ಚುಮದ್ದು ಸಿಗುತ್ತದೆ ಎಂಬುದನ್ನು ಇಂದೇ ವಿಚಾರಿಸಿಟ್ಟುಕೊಳ್ಳಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ಆಗುವುದಿಲ್ಲ.

ಎದುರಿಗೇ ಕುಸಿದು ಬಿದ್ದರೆ

ಹೃದಯಾಘಾತದಲ್ಲಿ ರೋಗಿಗೆ ಎಚ್ಚರವಿರುತ್ತದೆ, ಹೃದಯ ಬಡಿಯುತ್ತಿರುತ್ತದೆ. ಕೆಲವೊಮ್ಮೆ ಅದರಿಂದಲೇ ಬಡಿತ ದಿಕ್ಕು ತಪ್ಪಿ ಹೃದಯ ಸ್ತಬ್ಧವಾಗುತ್ತದೆ. ಆಗ ಮನುಷ್ಯ ಕುಸಿಯುತ್ತಾನೆ, ಕೂಗಿದರೆ ಓಗೊಡುವುದಿಲ್ಲ, ಉಸಿರಾಟ ನಿಲ್ಲುತ್ತದೆ ಅಥವಾ ಗೊರಕೆಯಂತೆ ಬಿಟ್ಟು ಬಿಟ್ಟು ಬರುತ್ತದೆ. ಪ್ರತಿ ನಿಮಿಷವೂ ಬದುಕುವ ಸಾಧ್ಯತೆ ಕಡಿಮೆಯಾಗುತ್ತಾ ಹೋಗುತ್ತದೆ.

ಒಬ್ಬರು 108ಕ್ಕೆ ಫೋನ್ ಮಾಡಲಿ. ಇನ್ನೊಬ್ಬರು ರೋಗಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಯ ನಟ್ಟನಡುವೆ ಇಟ್ಟು ಅದರ ಮೇಲೆ ಇನ್ನೊಂದು ಕೈ ಇಡಬೇಕು. ಮೊಣಕೈ ಬಗ್ಗಿಸದೆ, ಮೈಯ ಭಾರ ಹಾಕಿ, ಎದೆ ಸುಮಾರು 5 ಸೆಂಟಿಮೀಟರ್, ಅಂದರೆ ಎರಡು ಇಂಚು, ಕೆಳಗಿಳಿಯುವಂತೆ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆದ್ದ ಮೇಲೆ ಮತ್ತೆ ಒತ್ತಬೇಕು. ನಿಮಿಷಕ್ಕೆ 100ರಿಂದ 120 ಬಾರಿ, ಅಂದರೆ ಒಂದು ಸೆಕೆಂಡಿಗೆ ಸುಮಾರು ಎರಡು ಬಾರಿ. ಸುಸ್ತಾದರೆ ಮತ್ತೊಬ್ಬರು ಮುಂದುವರಿಸಲಿ. ಆಂಬುಲೆನ್ಸ್ ಬರುವವರೆಗೆ ಅಥವಾ ರೋಗಿ ಚೇತರಿಸಿಕೊಳ್ಳುವವರೆಗೆ ನಿಲ್ಲಿಸಬಾರದು. ತರಬೇತಿ ಇಲ್ಲದವರೂ ಇಷ್ಟು ಮಾಡಬಹುದು. ಪಕ್ಕೆಲುಬು ಮುರಿದೀತು ಎಂದು ಅಂಜಬೇಡಿ. ಮುರಿದ ಎಲುಬು ಕೂಡಿಕೊಳ್ಳುತ್ತದೆ.

ಬರದಂತೆ ನೋಡಿಕೊಳ್ಳುವುದು

ಬೀಡಿ, ಸಿಗರೇಟು, ಹೊಗೆಸೊಪ್ಪು ಇವು ಹೃದಯದ ಮೊದಲ ಶತ್ರುಗಳು. ಬೀಡಿ ಸಿಗರೇಟಿಗಿಂತ ಮೇಲು ಎಂಬುದು ಸುಳ್ಳು. ಬಿಟ್ಟರೆ ಒಂದು ವರ್ಷದಲ್ಲೇ ಅದರಿಂದಾದ ಹೆಚ್ಚುವರಿ ಅಪಾಯ ಅರ್ಧದಷ್ಟು ಇಳಿಯುತ್ತದೆ. ನಂತರದ ಸ್ಥಾನ ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯದು. ಇವೆರಡೂ ಸದ್ದಿಲ್ಲದೆ ಇರುವ ಕಾಯಿಲೆಗಳು. 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇವುಗಳ ತಪಾಸಣೆ ಉಚಿತ. ರಕ್ತದೊತ್ತಡ 140/90 ದಾಟಿದೆಯೇ ನೋಡಿಸಿಕೊಳ್ಳಿ. ಮಾತ್ರೆ ಬರೆದುಕೊಟ್ಟರೆ ತಪ್ಪದೆ ನುಂಗಿ. “ಈಗ ಆರಾಮಾಗಿದೀನಿ” ಎಂದು ನಿಲ್ಲಿಸಬೇಡಿ, ಆರಾಮಾಗಿರುವುದು ಮಾತ್ರೆಯಿಂದಲೇ. ಉಪ್ಪು ದಿನಕ್ಕೆ ಒಬ್ಬರಿಗೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಬೋಂಡಾಗಳ ಲೆಕ್ಕವೂ ಇದರಲ್ಲಿ ಸೇರಿದೆ. ತಂದೆ, ಅಣ್ಣ ತಮ್ಮಂದಿರಿಗೆ ಚಿಕ್ಕ ವಯಸ್ಸಿನಲ್ಲೇ ಹೃದ್ರೋಗ ಬಂದಿದ್ದರೆ ವೈದ್ಯರಿಗೆ ತಿಳಿಸಿ ಕೊಬ್ಬಿನಾಂಶದ ರಕ್ತಪರೀಕ್ಷೆ ಮಾಡಿಸಿ.

ಹೊಲ ಕೊಟ್ಟಿಗೆಯ ದುಡಿಮೆ ಹೃದಯಕ್ಕೆ ಒಳ್ಳೆಯದೇ. ಆದರೆ ಈಗ ಟ್ರ್ಯಾಕ್ಟರ್ ಉಳುತ್ತದೆ, ಯಂತ್ರ ಮೇವು ಕತ್ತರಿಸುತ್ತದೆ, ಬೈಕು ಡೈರಿಗೆ ಒಯ್ಯುತ್ತದೆ. ರೈತನೆಂದ ಮಾತ್ರಕ್ಕೆ ಮೈ ಬಗ್ಗುತ್ತಿದೆ ಎನ್ನುವಂತಿಲ್ಲ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.

ಹಾಲು, ತುಪ್ಪ ಬಿಡಬೇಕೇ ಎಂದು ಸದಸ್ಯರು ಕೇಳುವುದುಂಟು. ಹಾಲನ್ನು ಬಿಡಬೇಕಿಲ್ಲ. ಹಸುವಿನ ಹಾಲಿಗಿಂತ ಎಮ್ಮೆ ಹಾಲಿನಲ್ಲಿ ಜಿಡ್ಡು ಹೆಚ್ಚು. ಹೃದ್ರೋಗ ಇರುವವರು, ಕೊಬ್ಬಿನಾಂಶ ಏರಿರುವವರು ಕೆನೆ ತೆಗೆದ ಹಾಲು, ಮಜ್ಜಿಗೆ ಕುಡಿಯಬಹುದು. 3 ಶೇಕಡ ಜಿಡ್ಡಿನ ಟೋನ್ಡ್ ಹಾಲು ನಮ್ಮಲ್ಲೇ ಸಿಗುತ್ತದೆ. ತುಪ್ಪ, ಬೆಣ್ಣೆಗಳಲ್ಲಿ ನಾಳ ಕಟ್ಟಿಸುವ ಬಗೆಯ ಕೊಬ್ಬೇ ಹೆಚ್ಚು. ಅದನ್ನು ರುಚಿಗೆ ಒಂದು ಚಮಚಕ್ಕೆ ಇಳಿಸಿ. ನಾವು ಮಾರುವ ಪದಾರ್ಥದ ಬಗ್ಗೆ ನಾವೇ ಸತ್ಯ ಹೇಳಬೇಕು.

ಖರ್ಚಿನ ಚಿಂತೆ

ಹಣವಿಲ್ಲ ಎಂದು ಹೊರಡಲು ಹಿಂಜರಿಯುವವರಿದ್ದಾರೆ. ಸಹಕಾರ ಸಂಘಗಳ ಸದಸ್ಯರಿಗೆಂದೇ 2003ರಲ್ಲಿ ಆರಂಭವಾದ ಯಶಸ್ವಿನಿ ಯೋಜನೆ 2018ರಲ್ಲಿ ಬೇರೆ ಯೋಜನೆಯೊಡನೆ ವಿಲೀನವಾಗಿ ನಿಂತಿತ್ತು. 2022-23ರಲ್ಲಿ ಅದು ಮತ್ತೆ ಜಾರಿಗೆ ಬಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಾಗುತ್ತಿದೆ. ಇದಕ್ಕೆ ವರ್ಷವರ್ಷವೂ ನಿಗದಿಯಾದ ದಿನಾಂಕದೊಳಗೆ ಹೆಸರು ನೋಂದಾಯಿಸಬೇಕು. ಕಾಯಿಲೆ ಬಿದ್ದ ದಿನ ಓಡಿಬಂದರೆ ಆಗುವುದಿಲ್ಲ. ಪಡಿತರ ಚೀಟಿಯ ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯೂ ಇದೆ. ಕಾರ್ಡುಗಳನ್ನು ಮನೆಯವರಿಗೆಲ್ಲ ತಿಳಿದಿರುವ ಒಂದೇ ಜಾಗದಲ್ಲಿ ಇಡಿ.

ಸಂಘಗಳು ಮಾಡಬಹುದಾದ್ದು

ದಿನಕ್ಕೆ ಎರಡು ಹೊತ್ತು ಊರೆಲ್ಲ ಸೇರುವ ಜಾಗ ಡೈರಿ. ಬೆಳಗಿನ ಸಾಲಿನಲ್ಲಿ ಯಾರಾದರೂ ಎದೆ ಹಿಡಿದು ಬೆವರುತ್ತಾ ನಿಂತಿದ್ದರೆ ಕಾರ್ಯದರ್ಶಿಯವರು, ಹಾಲು ಪರೀಕ್ಷಕರು ಮೊದಲು ನೋಡುತ್ತಾರೆ. ಅವರ ಹಾಲನ್ನು ಅಳೆಯುವುದಕ್ಕಿಂತ ಮುಂಚೆ ಅವರನ್ನು ಕೂರಿಸಿ. ಪ್ರತಿ ಸಂಘದ ಫಲಕದಲ್ಲಿ 108, ಹತ್ತಿರದ ಆಸ್ಪತ್ರೆಯ ಫೋನ್ ನಂಬರು, ರಾತ್ರಿಯಲ್ಲೂ ಬರುವ ಊರಿನ ವಾಹನ ಚಾಲಕರ ನಂಬರು ದೊಡ್ಡ ಅಕ್ಷರದಲ್ಲಿ ಇರಲಿ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆಯ ದಿನ ಆರೋಗ್ಯ ಕೇಂದ್ರದವರನ್ನು ಕರೆಸಿ ರಕ್ತದೊತ್ತಡ, ಸಕ್ಕರೆ ತಪಾಸಣೆ ಮಾಡಿಸಬಹುದು. ಎದೆ ಒತ್ತುವ ವಿಧಾನವನ್ನು ಊರಿನ ಹತ್ತು ಜನ ಯುವಕ ಯುವತಿಯರಿಗೆ ಕಲಿಸಬಹುದು. ಇದಕ್ಕೆ ಹೆಚ್ಚು ಖರ್ಚಿಲ್ಲ.

ನೆನಪಿಡಿ

• ಎದೆಯ ನಡುವೆ ಒತ್ತಿದಂತಾಗಿ ಕೆಲವು ನಿಮಿಷದಲ್ಲಿ ಹೋಗದಿದ್ದರೆ, ಬೆವರು ಬಂದರೆ, ಹೃದಯಾಘಾತವೆಂದೇ ತಿಳಿಯಿರಿ.
• ಗ್ಯಾಸು ಎಂದು ನೀವು ತೀರ್ಮಾನಿಸಬೇಡಿ, ಇ.ಸಿ.ಜಿ. ತೀರ್ಮಾನಿಸಲಿ.
• 108ಕ್ಕೆ ಫೋನ್ ಮಾಡಿ. ಇ.ಸಿ.ಜಿ., ಚುಚ್ಚುಮದ್ದು ಸಿಗುವ ಹತ್ತಿರದ ಆಸ್ಪತ್ರೆಗೆ ಮೊದಲು ಹೋಗಿ.
• ಹೆಂಗಸರ ಸುಸ್ತು, ಸಕ್ಕರೆ ಕಾಯಿಲೆಯವರ ಬೆವರು ಇವನ್ನು ಕಡೆಗಣಿಸಬೇಡಿ.
• ಕುಸಿದು ಬಿದ್ದವರ ಎದೆಯನ್ನು ಬಿಡದೆ ಒತ್ತುತ್ತಿರಿ.

ಬಂಧುಗಳೇ, ಒಂದು ಹೊತ್ತಿನ ಹಾಲು ಡೈರಿಗೆ ಬರದಿದ್ದರೆ ಆಗುವ ನಷ್ಟ ಕೆಲವು ನೂರು ರೂಪಾಯಿ. ಸಂಜೆ ಹಸು ಮತ್ತೆ ಹಾಲು ಕೊಡುತ್ತದೆ. ಆ ಹೊತ್ತಿಗೆ ಅದನ್ನು ಕರೆಯುವ ಕೈ ಮನೆಯಲ್ಲಿ ಇರಬೇಕು.